‘ಮತ್ತು’, ‘ಅಥವಾ’, ‘ಅಲ್ಲ’: ಗಣಕಯಂತ್ರದ ಭಾಷೆಯಲ್ಲಿ ಷರತ್ತುಗಳ ಜೋಡಣೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರದ ಭಾಷೆಯನ್ನು ಕುರಿತ ಲೇಖನಕ್ಕೆ ಏನು ಕೆಲಸವೆಂದು ಕೆಲವು ವಾಚಕರಿಗೆ ತೋರಬಹುದು. ಅದು ಗಣಿತದವರ ಸೊತ್ತು, ಸಾಹಿತ್ಯ ಮತ್ತು ಚರಿತ್ರೆಗಳನ್ನು ಓದುವ ನಮಗೆ ಸಂಬಂಧಿಸಿದುದಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಯಂತ್ರಕ್ಕೆ ಕೊಡುವ ಆಜ್ಞೆಗಳೂ ಒಂದು ಬಗೆಯ ಭಾಷೆಯೇ ಸರಿ. ಅದಕ್ಕೂ ವ್ಯಾಕರಣವುಂಟು, ವಾಕ್ಯರಚನೆಯುಂಟು. ಎಚ್ಚರ ತಪ್ಪಿದರೆ ಅಪಾರ್ಥವೂ ಉಂಟು. ಇಂದು ಕಲಾ ವಿಭಾಗದ ವಿದ್ಯಾರ್ಥಿಗಳೂ ಪೈಥಾನಿನಂಥ ಭಾಷೆಯನ್ನು ಕಲಿಯತೊಡಗಿರುವುದರಿಂದ, ಅದರಲ್ಲಿ ಬಹುಮಂದಿ ಎಡವುವ ಒಂದು ಪ್ರಕರಣವನ್ನು ಇಲ್ಲಿ ವಿವರಿಸಲು ಯತ್ನಿಸಿದೆ. ಒಂದಕ್ಕಿಂತ ಹೆಚ್ಚು ಷರತ್ತುಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸುವ ಬಗೆ ಹೇಗೆ ಎಂಬುದೇ ಆ ಪ್ರಕರಣ.

ಹಳೆಯ ಕಾವ್ಯದ ಪದ್ಯವೊಂದಕ್ಕೆ ಅನ್ವಯ ಹೇಳುವಾಗ, ಕವಿಯು ಬಿಟ್ಟಿರುವ ಪದವನ್ನು ನಾವು ಹೊರಗಿನಿಂದ ತಂದು ಸೇರಿಸಿಕೊಳ್ಳುತ್ತೇವೆ. ಇದಕ್ಕೆ ಅಧ್ಯಾಹಾರವೆಂದು ಹೆಸರು. ಕೇಳುವವನು ತನ್ನ ಬುದ್ಧಿಯಿಂದ ತುಂಬಿಕೊಳ್ಳುವನೆಂಬ ಭರವಸೆಯಿಂದಲೇ ನಾವು ದಿನವೂ ಅರ್ಧ ಮಾತನ್ನಾಡಿ ಅರ್ಧವನ್ನು ಬಿಡುತ್ತೇವೆ. ಯಂತ್ರವಾದರೋ ಅಧ್ಯಾಹಾರವನ್ನರಿಯದು. ನಾವು ಬರೆದಷ್ಟನ್ನು, ಬರೆದಂತೆಯೇ ನಡೆಸುತ್ತದೆ. ಷರತ್ತುಗಳ ಜೋಡಣೆಯಲ್ಲಿ ಆಗುವ ತಪ್ಪುಗಳಿಗೆಲ್ಲ ಮೂಲ ಇಲ್ಲಿಯೇ ಇದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ಬಿಡಿ ಷರತ್ತು

ಕನ್ನಡದಲ್ಲಿ ಷರತ್ತನ್ನು ಸೂಚಿಸಲು ಕ್ರಿಯಾಪದಕ್ಕೆ ‘ರೆ’ ಸೇರಿಸಿದರೆ ಸಾಕು: ‘ಮಳೆ ಬಂದರೆ’, ‘ಹಣ್ಣಾದರೆ’. ಪೈಥಾನಿನಲ್ಲಿ ಇದೇ ಕೆಲಸವನ್ನು ‘ಇಫ್’ ಎಂಬ ಪದ ಮಾಡುತ್ತದೆ. ಅದರ ಮುಂದೆ ಬರುವ ಮಾತು ನಿಜವೋ ಸುಳ್ಳೋ ಎಂಬುದನ್ನು ಯಂತ್ರ ಪರೀಕ್ಷಿಸುತ್ತದೆ. ನಿಜವಾದರೆ ಕೆಳಗಿನ ಆಜ್ಞೆಯನ್ನು ನಡೆಸುತ್ತದೆ, ಸುಳ್ಳಾದರೆ ಬಿಟ್ಟು ಮುಂದೆ ಹೋಗುತ್ತದೆ. ನಡುವಣ ಸ್ಥಿತಿ ಇಲ್ಲ.

ಆದರೆ ಬಿಡಿ ಷರತ್ತಿನ ಮೇಲೆ ನಿಲ್ಲುವ ನಿರ್ಧಾರಗಳು ಲೋಕದಲ್ಲಿ ವಿರಳ. ನಮ್ಮ ಜಿಲ್ಲೆಯ ಕಾಫಿ ತೋಟವನ್ನೇ ತೆಗೆದುಕೊಳ್ಳೋಣ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಸುಮಾರು ಒಂದು ಇಂಚು ಹೂಮಳೆ ಬಿದ್ದರೆ, ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ ಎನ್ನುತ್ತೇವೆ. ಹೀಗೆನ್ನುವಾಗ ‘ಮೊಗ್ಗು ಬಲಿತಿದ್ದರೆ’ ಎಂಬ ಇನ್ನೊಂದು ಷರತ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೂವು ಕಾಯಿಕಟ್ಟಬೇಕಾದರೆ ಕೆಲವು ದಿನಗಳ ಮೇಲೆ ಇನ್ನೊಂದು ಮಳೆಯೂ ಬೇಕೆಂಬುದನ್ನೂ ಹೇಳುವುದಿಲ್ಲ. ತೋಟದವರ ನಡುವೆ ಹೇಳಬೇಕಾದ ಅಗತ್ಯವೂ ಇಲ್ಲ. ಯಂತ್ರದ ಮುಂದೆ ಮಾತ್ರ ಮೂರನ್ನೂ ಬಿಡಿಬಿಡಿಯಾಗಿ ಹೇಳಿ, ಅವುಗಳ ಸಂಬಂಧ ಯಾವುದೆಂಬುದನ್ನೂ ತಿಳಿಸಬೇಕಾಗುತ್ತದೆ.

ಈ ಸಂಬಂಧಗಳನ್ನು ಗಣಿತದ ಚಿಹ್ನೆಗಳಲ್ಲಿ ಮೊದಲು ಕ್ರಮವಾಗಿ ನಿರೂಪಿಸಿದವನು ಇಂಗ್ಲೆಂಡಿನ ಜಾರ್ಜ್ ಬೂಲ್. ಅವನ ಮೊದಲ ಗ್ರಂಥ 1847ರಲ್ಲಿಯೂ, ಪ್ರಸಿದ್ಧವಾದ ಎರಡನೆಯ ಗ್ರಂಥ 1854ರಲ್ಲಿಯೂ ಹೊರಬಂದವು. ಅವನ ಸಮಕಾಲೀನನಾದ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದುದು ನಮ್ಮ ನೆರೆಯ ಮಧುರೆಯಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ತರ್ಕದ ಈ ಲೆಕ್ಕವನ್ನು ವಿದ್ಯುತ್ತಿನ ಸ್ವಿಚ್ಚುಗಳಿಂದ ಮಾಡಿಸಬಹುದೆಂದು ಅಮೆರಿಕದ ಕ್ಲಾಡ್ ಶ್ಯಾನನ್ 1937ರ ತನ್ನ ಪ್ರಬಂಧದಲ್ಲಿ ತೋರಿಸಿದನು. ಇಂದಿನ ಗಣಕಯಂತ್ರಗಳೆಲ್ಲ ಆ ತಳಹದಿಯ ಮೇಲೆ ನಿಂತಿವೆ.

ಮುಂದಿನ ಉದಾಹರಣೆಗಳ ವಿಷಯದಲ್ಲಿ ಒಂದು ಸೂಚನೆ. ‘ಇಫ್’, ‘ಆಂಡ್’, ‘ಆರ್’, ‘ನಾಟ್’ ಎಂಬ ಪದಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು. ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆದಿದೆ. ನಾವೇ ಇಡುವ ಹೆಸರುಗಳನ್ನಾದರೆ, 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ, ಕನ್ನಡದಲ್ಲಿಯೇ ಇಡಬಹುದು.

‘ಮತ್ತು’ ಎಂಬ ಮೋಸಗಾರ

‘ಆಂಡ್’ ಎಂಬುದು ಎರಡು ಷರತ್ತುಗಳ ನಡುವೆ ನಿಂತರೆ, ಎರಡೂ ನಿಜವಾದಾಗ ಮಾತ್ರ ಒಟ್ಟು ಮಾತು ನಿಜ. ಇಷ್ಟು ಸುಲಭವಾದ ನಿಯಮದಲ್ಲಿ ತಪ್ಪಲು ಏನಿದೆ ಎನಿಸಬಹುದು. ತಪ್ಪು ಬರುವುದು ಯಂತ್ರದ ‘ಆಂಡ್’ನಿಂದಲ್ಲ, ನಮ್ಮ ಮಾತಿನ ‘ಮತ್ತು’ವಿನಿಂದ.

‘ಅರೇಬಿಕಾ ಮತ್ತು ರೋಬಸ್ಟಾ ಜಮೀನುಗಳ ಪಟ್ಟಿಯನ್ನು ತಯಾರಿಸಿ’ ಎಂದು ಹೇಳಿದರೆಂದು ಭಾವಿಸೋಣ. ದಾಖಲೆಯ ಒಂದೊಂದು ಸಾಲಿನಲ್ಲಿ ಒಂದು ತುಂಡು ಜಮೀನೂ ಅದರ ಮುಖ್ಯ ಬೆಳೆಯೂ ನಮೂದಾಗಿವೆ. ಹೊಸದಾಗಿ ಕಲಿಯುವವನು ಕೇಳಿದ ಮಾತನ್ನು ಹಾಗೆಯೇ ಇಳಿಸುತ್ತಾನೆ:

ಇಫ್ ಬೆಳೆ == "ಅರೇಬಿಕಾ" ಆಂಡ್ ಬೆಳೆ == "ರೋಬಸ್ಟಾ":

ಪಟ್ಟಿ ಖಾಲಿಯಾಗಿ ಬರುತ್ತದೆ. ಒಂದು ಸಾಲಿನಲ್ಲಿರುವ ಒಂದೇ ಬೆಳೆಯ ಹೆಸರು ಏಕಕಾಲದಲ್ಲಿ ಅರೇಬಿಕಾವೂ ರೋಬಸ್ಟಾವೂ ಆಗಿರಲಾರದಷ್ಟೆ. ಪಟ್ಟಿಯನ್ನು ಕೇಳಿದವರ ‘ಮತ್ತು’ ಎರಡು ಗುಂಪುಗಳನ್ನು ಕೂಡಿಸಿತ್ತು; ಯಂತ್ರದ ‘ಆಂಡ್’ ಒಂದೇ ವಸ್ತುವಿನ ಮೇಲೆ ಎರಡು ಷರತ್ತುಗಳನ್ನು ಹೇರಿತು. ಆದುದರಿಂದ ಗುಂಪನ್ನು ಬಿಟ್ಟು ಒಂದೇ ಒಂದು ಸಾಲನ್ನು ಕಣ್ಣ ಮುಂದಿಟ್ಟುಕೊಂಡು, ‘ಈ ಜಮೀನು ಪಟ್ಟಿಗೆ ಸೇರಬೇಕಾದರೆ ಏನಿರಬೇಕು?’ ಎಂದು ಕೇಳಿಕೊಳ್ಳಬೇಕು. ‘ಅರೇಬಿಕಾ ಆಗಲಿ, ರೋಬಸ್ಟಾ ಆಗಲಿ ಇರಬೇಕು’ ಎಂಬ ಉತ್ತರ ತಾನಾಗಿ ಬರುತ್ತದೆ. ಕನ್ನಡದ ಈ ‘ಆಗಲಿ… ಆಗಲಿ’ ಎಂಬುದೇ ಯಂತ್ರದ ‘ಆರ್’.

‘ಮತ್ತು’ವಿಗೆ ನಿಜವಾದ ಸ್ಥಾನವಿರುವುದು ಎರಡು ಎಲ್ಲೆಗಳ ನಡುವಣ ಸ್ಥಿತಿಯನ್ನು ಹೇಳುವಲ್ಲಿ. ನಮ್ಮ ದೇಶದಲ್ಲಿ ಅರೇಬಿಕಾ ಕಾಫಿಗೆ ಸಮುದ್ರಮಟ್ಟದಿಂದ 1000ದಿಂದ 1500 ಮೀಟರ್ ಎತ್ತರವೂ, ರೋಬಸ್ಟಾಕ್ಕೆ 500ರಿಂದ 1000 ಮೀಟರ್ ಎತ್ತರವೂ ಹೊಂದುತ್ತವೆಂದು ಎಣಿಕೆ. ಅರೇಬಿಕಾದ ಷರತ್ತನ್ನು ಹೀಗೆ ಬರೆಯಬೇಕು:

ಇಫ್ ಎತ್ತರ >= 1000 ಆಂಡ್ ಎತ್ತರ <= 1500:

‘ಎತ್ತರ’ವೆಂಬ ಪದವನ್ನು ಎರಡು ಸಲ ಬರೆದುದು ಗಮನಾರ್ಹ. ಗಣಿತದ ತರಗತಿಯಲ್ಲಿ ಬರೆಯುವಂತೆ ‘1000 <= ಎತ್ತರ <= 1500’ ಎಂದು ಬರೆದರೆ ಪೈಥಾನ್ ಅದನ್ನು ಸರಿಯಾಗಿಯೇ ಗ್ರಹಿಸುತ್ತದೆ. ಆದರೆ 1970ರ ದಶಕದ ಆರಂಭದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ‘ಸಿ’ ಭಾಷೆಯಲ್ಲಿ ಪರಿಣಾಮ ವಿಚಿತ್ರವಾಗುತ್ತದೆ. ಅದು ಮೊದಲು ಎಡಭಾಗವನ್ನು ಪರೀಕ್ಷಿಸಿ, ನಿಜವಾದರೆ 1 ಎಂದೂ ಸುಳ್ಳಾದರೆ 0 ಎಂದೂ ಇಟ್ಟುಕೊಂಡು, ಆ ಅಂಕಿಯನ್ನು 1500ರೊಡನೆ ಹೋಲಿಸುತ್ತದೆ. ಸೊನ್ನೆಯೂ ಒಂದೂ 1500ಕ್ಕಿಂತ ಕಡಮೆಯೇ ಆದುದರಿಂದ ಉತ್ತರ ಯಾವಾಗಲೂ ನಿಜ. ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯೂ ಕಡಲತೀರದ ಮಂಗಳೂರೂ ಆ ಯಂತ್ರಕ್ಕೆ ಅರೇಬಿಕಾ ಭೂಮಿಯಾಗಿಯೇ ಕಾಣುತ್ತವೆ! ಯಂತ್ರ ಯಾವ ದೋಷವನ್ನೂ ವರದಿ ಮಾಡದೆ ಉತ್ತರ ಕೊಡುವುದರಿಂದ ಇಂಥ ತಪ್ಪು ಬಹುಕಾಲ ಅಡಗಿರಬಲ್ಲದು.

‘ಅಥವಾ’ದ ಎರಡು ಮುಖಗಳು

‘ಆರ್’ ಇರುವಲ್ಲಿ ಎರಡರಲ್ಲಿ ಒಂದಾದರೂ ನಿಜವಾದರೆ ಸಾಕು. ಎರಡೂ ನಿಜವಾದರೂ ಬಾಧಕವಿಲ್ಲ. ಕನ್ನಡದಲ್ಲಿ ‘ಕಾಫಿ ಕುಡಿಯುತ್ತೀರೋ, ಚಹಾ ಕುಡಿಯುತ್ತೀರೋ?’ ಎಂದು ಕೇಳುವಾಗ ಎರಡನ್ನೂ ಕೊಡುವ ಉದ್ದೇಶವಿರುವುದಿಲ್ಲ. ಯಂತ್ರದ ‘ಆರ್’ ಈ ‘ಓ… ಓ’ದ ಜಾತಿಯದಲ್ಲ. ‘ತಂದೆ ತೀರಿಕೊಂಡಿದ್ದರೆ ಅಥವಾ ಮನೆ ಮಳೆಗೆ ಬಿದ್ದಿದ್ದರೆ ಶುಲ್ಕದಲ್ಲಿ ರಿಯಾಯಿತಿ’ ಎಂಬ ನಿಯಮವಿದ್ದರೆ, ಎರಡು ಕಷ್ಟಗಳನ್ನೂ ಒಟ್ಟಿಗೆ ಅನುಭವಿಸಿದ ವಿದ್ಯಾರ್ಥಿಯನ್ನು ಹೊರಗಿಡಬೇಕೆಂದು ಯಾರೂ ಹೇಳಲಾರರು. ಇಲ್ಲಿ ‘ಆರ್’ ಮನುಷ್ಯನ ನ್ಯಾಯಬುದ್ಧಿಗೆ ಒಪ್ಪುವಂತೆಯೇ ನಡೆಯುತ್ತದೆ.

‘ಆರ್’ನೊಡನೆ ಬರುವ ಅತಿ ಸಾಮಾನ್ಯವಾದ ತಪ್ಪು ಅಧ್ಯಾಹಾರದ್ದೇ. ‘ಬೆಳೆ ಅರೇಬಿಕಾ ಅಥವಾ ರೋಬಸ್ಟಾ ಆಗಿದ್ದರೆ’ ಎಂಬ ಶುದ್ಧ ಕನ್ನಡವನ್ನು ಹೀಗೆ ಬರೆಯುತ್ತಾರೆ:

ಇಫ್ ಬೆಳೆ == "ಅರೇಬಿಕಾ" ಆರ್ "ರೋಬಸ್ಟಾ":

ಯಂತ್ರ ಇದನ್ನು ಎರಡು ತುಂಡಾಗಿ ಓದುತ್ತದೆ. ಮೊದಲನೆಯದು ‘ಬೆಳೆ ಅರೇಬಿಕಾ ಆಗಿದ್ದರೆ’. ಎರಡನೆಯದು ಬರಿಯ ‘ರೋಬಸ್ಟಾ’ ಎಂಬ ಒಂಟಿ ಪದ. ಅಕ್ಷರಗಳಿರುವ ಯಾವ ಪದವನ್ನೇ ಆಗಲಿ, ಷರತ್ತಿನ ಜಾಗದಲ್ಲಿಟ್ಟರೆ ಪೈಥಾನ್ ನಿಜವೆಂದೇ ಎಣಿಸುತ್ತದೆ. ಹೀಗಾಗಿ ಅಡಕೆಯೂ ಏಲಕ್ಕಿಯೂ ಮೆಣಸೂ ಕಾಫಿಯ ಪಟ್ಟಿಗೆ ಸೇರಿಬಿಡುತ್ತವೆ. ‘ಬೆಳೆ ==’ ಎಂಬುದನ್ನು ಎರಡನೆಯ ತುಂಡಿಗೂ ಬರೆದರೆ ದೋಷ ನಿವಾರಣೆಯಾಗುತ್ತದೆ.

‘ಅಲ್ಲ’ವೆಂಬ ತಿರುವು

‘ನಾಟ್’ ಎಂಬುದು ನಿಜವನ್ನು ಸುಳ್ಳಾಗಿಯೂ ಸುಳ್ಳನ್ನು ನಿಜವಾಗಿಯೂ ತಿರುಗಿಸುತ್ತದೆ. ಒಂಟಿ ಷರತ್ತಿನ ಮುಂದೆ ಇದ್ದರೆ ತೊಂದರೆಯಿಲ್ಲ. ಜೋಡಿ ಷರತ್ತನ್ನು ನಿರಾಕರಿಸುವಾಗ ಮಾತ್ರ ಎಚ್ಚರ ಬೇಕು.

ಕಣದಲ್ಲಿ ಒಣಗಿಸಿದ ಕಾಫಿಯನ್ನು ಚೀಲಕ್ಕೆ ತುಂಬಬೇಕಾದರೆ ಅದು ಚೆನ್ನಾಗಿ ಒಣಗಿರಲೂಬೇಕು, ಕಸಕಡ್ಡಿಯಿಲ್ಲದೆ ಶುಚಿಯಾಗಿರಲೂಬೇಕು. ತುಂಬುವ ಷರತ್ತು ‘ಒಣಗಿದೆ ಆಂಡ್ ಶುಚಿ’ ಎಂದಾಯಿತು. ಈಗ ತುಂಬದೆ ನಿಲ್ಲಿಸುವ ಷರತ್ತೇನು? ಅವಸರದಲ್ಲಿ ‘ನಾಟ್ ಒಣಗಿದೆ ಆಂಡ್ ನಾಟ್ ಶುಚಿ’ ಎಂದು ಬರೆಯುವುದುಂಟು. ಹೀಗೆ ಬರೆದರೆ ಹಸಿಯೂ ಆಗಿದ್ದು ಕೊಳೆಯೂ ಇರುವ ಕಾಫಿ ಮಾತ್ರ ನಿಲ್ಲುತ್ತದೆ. ಶುಚಿಯಾಗಿದ್ದು ತೇವ ಆರದಿರುವ ಕಾಫಿ ಚೀಲ ಸೇರಿ, ಬೂಸಲು ಹಿಡಿದು, ವರ್ಷದ ದುಡಿಮೆ ಹಾಳಾಗುತ್ತದೆ. ಎರಡರಲ್ಲಿ ಯಾವುದೊಂದು ಕೊರತೆಯಿದ್ದರೂ ನಿಲ್ಲಿಸಬೇಕಾದುದರಿಂದ, ಸರಿಯಾದ ರೂಪ ‘ನಾಟ್ ಒಣಗಿದೆ ಆರ್ ನಾಟ್ ಶುಚಿ’ ಎಂಬುದು. ನಿರಾಕರಣೆ ಒಳಗೆ ಹೊಕ್ಕಾಗ ‘ಆಂಡ್’ ಇದ್ದುದು ‘ಆರ್’ ಆಗುತ್ತದೆ, ‘ಆರ್’ ಇದ್ದುದು ‘ಆಂಡ್’ ಆಗುತ್ತದೆ. ಮೇಲೆ ಹೇಳಿದ ಡಿ ಮಾರ್ಗನ್ನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಿಯಮ ಇದೇ.

ನಿಯಮದ ಎರಡನೆಯ ಅರ್ಧವನ್ನು ಕನ್ನಡಿಗನು ಶಾಲೆಗೆ ಹೋಗದೆಯೇ ಬಲ್ಲನು. ‘ಅರೇಬಿಕಾ ಆಗಲಿ, ರೋಬಸ್ಟಾ ಆಗಲಿ’ ಎಂಬುದರ ನಿರಾಕರಣೆಯನ್ನು ನಾವು ‘ಅರೇಬಿಕಾವೂ ಅಲ್ಲ, ರೋಬಸ್ಟಾವೂ ಅಲ್ಲ’ ಎನ್ನುತ್ತೇವೆ. ‘ಆಗಲಿ’ ಹೋಗಿ ಸಮುಚ್ಚಯದ ‘ಊ’ ಬಂತು; ಅಂದರೆ ‘ಆರ್’ ಹೋಗಿ ‘ಆಂಡ್’ ಬಂತು. ಇದನ್ನು ಮರೆತು ‘ಬೆಳೆ != "ಅರೇಬಿಕಾ" ಆರ್ ಬೆಳೆ != "ರೋಬಸ್ಟಾ"’ ಎಂದು ಬರೆದರೆ, ಆ ಮಾತು ಎಲ್ಲ ಬೆಳೆಗೂ ನಿಜವಾಗುತ್ತದೆ; ಯಾವ ಬೆಳೆಯಾದರೂ ಎರಡರಲ್ಲೊಂದು ಆಗಿರದೇ ಇರುತ್ತದೆ. ‘!=’ ಎಂಬುದು ‘ಸಮವಲ್ಲ’ ಎಂಬುದರ ಚಿಹ್ನೆ.

ಆವರಣದ ಬೆಲೆ

ಎರಡು ಮತ್ತು ಮೂರನ್ನೂ ನಾಲ್ಕರಿಂದ ಗುಣಿಸಿದ ಮೊತ್ತವನ್ನೂ ಕೂಡಿದರೆ 14 ಬರುತ್ತದೆ. ಎರಡನ್ನೂ ಮೂರನ್ನೂ ಮೊದಲು ಕೂಡಿ ನಾಲ್ಕರಿಂದ ಗುಣಿಸಿದರೆ 20 ಬರುತ್ತದೆ. ಗೊಂದಲವಾಗದಿರಲೆಂದು ಗುಣಾಕಾರ ಮೊದಲು, ಸಂಕಲನ ಅನಂತರ ಎಂಬ ಕಟ್ಟಳೆಯನ್ನು ಮಾಡಿದ್ದಾರೆ. ಹಾಗೆಯೇ ಷರತ್ತುಗಳಲ್ಲಿ ‘ನಾಟ್’ ಮೊದಲು, ಅನಂತರ ‘ಆಂಡ್’, ಕೊನೆಗೆ ‘ಆರ್’. ಈ ಕ್ರಮವನ್ನು ಬದಲಿಸಬೇಕಾದರೆ ಆವರಣ ಚಿಹ್ನೆ ಹಾಕಬೇಕು. ಮಾತಿನಲ್ಲಿ ಉಸಿರು ನಿಲ್ಲಿಸುವ ಜಾಗವೇ ನಮಗೆ ಆವರಣ. ಬರಹದಲ್ಲಿ ಆ ಉಸಿರು ಕಾಣದು.

ಇದರ ಗುರುತ್ವವನ್ನು ತಿಳಿಯಲು ಮೂಡಿಗೆರೆ ಸೀಮೆಯ ಒಂದು ಸಂದರ್ಭವನ್ನು ನೋಡೋಣ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಅಲ್ಲಲ್ಲಿ ಕುಸಿದು ಸಂಚಾರ ನಿಂತಿತು. ಅನಂತರ ಸ್ವಲ್ಪ ಕಾಲ ಲಘು ವಾಹನಗಳಿಗೆ ಮಾತ್ರ, ಅದೂ ಹಗಲು ಹೊತ್ತಿನಲ್ಲಿ ಮಾತ್ರ, ಅವಕಾಶವಿತ್ತು. ಕೊಟ್ಟಿಗೆಹಾರದಿಂದ ಘಾಟಿಯಿಳಿದು ಉಜಿರೆಯ ಮೇಲೆ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ದಾರಿ ಅದೇ. ಅಂಥ ರಸ್ತೆಯ ಗೇಟನ್ನು ಒಂದು ಯಂತ್ರ ಕಾಯುವುದೆಂದೂ, ‘ಹಗಲಿನಲ್ಲಿ ಲಘು ವಾಹನಗಳನ್ನು ಬಿಡಬೇಕು, ಆಂಬುಲೆನ್ಸನ್ನು ಯಾವ ಹೊತ್ತಿನಲ್ಲಾದರೂ ಬಿಡಬೇಕು’ ಎಂಬ ನಿಯಮವನ್ನು ಅದಕ್ಕೆ ಒಪ್ಪಿಸಬೇಕೆಂದೂ ಊಹಿಸೋಣ. ಇಬ್ಬರು ವಿದ್ಯಾರ್ಥಿಗಳು ಎರಡು ಬಗೆಯಾಗಿ ಬರೆಯುತ್ತಾರೆ:

ಇಫ್ (ಹಗಲು ಆಂಡ್ ಲಘು) ಆರ್ ಆಂಬುಲೆನ್ಸ್:

ಇಫ್ ಹಗಲು ಆಂಡ್ (ಲಘು ಆರ್ ಆಂಬುಲೆನ್ಸ್):

ಮೂರು ಷರತ್ತುಗಳು ಒಂದೊಂದೂ ನಿಜ ಅಥವಾ ಸುಳ್ಳು ಆಗಬಹುದಾದುದರಿಂದ ಒಟ್ಟು ಎಂಟು ಸಂದರ್ಭಗಳು ಹುಟ್ಟುತ್ತವೆ. ಹಗಲಿನ ನಾಲ್ಕು ಸಂದರ್ಭಗಳಲ್ಲಿ ಎರಡು ವಾಕ್ಯಗಳೂ ಒಂದೇ ಉತ್ತರ ಕೊಡುತ್ತವೆ. ಇನ್ನು ರಾತ್ರಿಯ ನಾಲ್ಕು:

ರಾತ್ರಿ, ಕಾರು: ಮೊದಲನೆಯದು ತಡೆಯುತ್ತದೆ, ಎರಡನೆಯದೂ ತಡೆಯುತ್ತದೆ.
ರಾತ್ರಿ, ಲಾರಿ: ಮೊದಲನೆಯದು ತಡೆಯುತ್ತದೆ, ಎರಡನೆಯದೂ ತಡೆಯುತ್ತದೆ.
ರಾತ್ರಿ, ಸಣ್ಣ ಆಂಬುಲೆನ್ಸ್: ಮೊದಲನೆಯದು ಬಿಡುತ್ತದೆ, ಎರಡನೆಯದು ತಡೆಯುತ್ತದೆ.
ರಾತ್ರಿ, ದೊಡ್ಡ ಆಂಬುಲೆನ್ಸ್: ಮೊದಲನೆಯದು ಬಿಡುತ್ತದೆ, ಎರಡನೆಯದು ತಡೆಯುತ್ತದೆ.

ಎಂಟರಲ್ಲಿ ಆರು ಕಡೆ ಭೇದವೇ ಇಲ್ಲ. ಹಗಲಿಡೀ ಗೇಟಿನ ಬಳಿ ನಿಂತು ನೋಡಿದರೂ ಎರಡನೆಯ ವಾಕ್ಯದ ದೋಷ ಬಯಲಾಗದು. ರಾತ್ರಿ ಹೊತ್ತು ಒಬ್ಬ ರೋಗಿಯನ್ನು ಕರೆದೊಯ್ಯುವಾಗಲೇ ಅದು ಬಯಲಾಗುವುದು. ಆವರಣದ ಸ್ಥಾನ ತಪ್ಪಿದುದರ ಬೆಲೆಯನ್ನು ತೆರುವವನು ಬರೆದವನಲ್ಲ, ಆ ರೋಗಿ.

ಇಲ್ಲಿ ಮೊದಲನೆಯ ವಾಕ್ಯದ ಆವರಣ ತೆಗೆದರೂ ಅರ್ಥ ಕೆಡದು, ‘ಆಂಡ್’ ಹೇಗೂ ಮೊದಲು ನಡೆಯುತ್ತದೆ. ಆದರೂ ಅದನ್ನು ಇಡುವುದೇ ಲೇಸು. ಯಂತ್ರಕ್ಕೆ ಬೇಡವಾದ ಆವರಣ ಓದುವ ಮನುಷ್ಯನಿಗೆ ಬೇಕಾಗಬಹುದು.

ಯಾವುದು ಮೊದಲು?

ಕಳಸದ ಬಳಿ ಭದ್ರೆಗೆ ಕಟ್ಟಿದ ಹೆಬ್ಬಾಳೆ ಸೇತುವೆಯ ಮೇಲೆ ಮಳೆಗಾಲದಲ್ಲಿ ನೀರು ಹರಿದು, ಹೊರನಾಡಿನ ದಾರಿ ಕಡಿದುಹೋದ ವರ್ಷಗಳುಂಟು. ಸೇತುವೆ ಮುಳುಗಿದೆಯೆಂದು ತಿಳಿದಮೇಲೆ ಹೊರನಾಡಿಗೆ ಹೋಗುವ ಬಸ್ಸು ಹೊರಟಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಯಂತ್ರವೂ ಹೀಗೆಯೇ. ‘ಆಂಡ್’ನ ಎಡಗಡೆಯ ಷರತ್ತು ಸುಳ್ಳಾದರೆ ಬಲಗಡೆಯದನ್ನು ನೋಡುವ ಗೋಜಿಗೆ ಹೋಗದು, ‘ಆರ್’ನ ಎಡಗಡೆಯದು ನಿಜವಾದರೂ ಅಷ್ಟೆ. ಇದರ ಪ್ರಯೋಜನವನ್ನು ಹೀಗೆ ಪಡೆಯಬಹುದು:

ಇಫ್ ಗಿಡಗಳು > 0 ಆಂಡ್ ಇಳುವರಿ / ಗಿಡಗಳು < 1:

ಗಿಡಕ್ಕೆ ಒಂದು ಕಿಲೋ ಇಳುವರಿಯೂ ಬಾರದ ತೋಟವನ್ನು ಇದು ಗುರುತಿಸುತ್ತದೆ. ಗಿಡಗಳ ಸಂಖ್ಯೆ ಸೊನ್ನೆಯಾದರೆ ಯಂತ್ರ ಎಡಗಡೆಯಲ್ಲಿಯೇ ನಿಲ್ಲುತ್ತದೆ. ಎರಡು ಷರತ್ತುಗಳನ್ನು ಹಿಂದುಮುಂದು ಮಾಡಿದರೆ, ಸೊನ್ನೆಯಿಂದ ಭಾಗಿಸಹೊರಟು ಪ್ರೋಗ್ರಾಮೇ ನಿಂತುಹೋಗುತ್ತದೆ. ತರ್ಕದಲ್ಲಿ ‘ಮತ್ತು’ವಿನ ಎರಡು ಕಡೆಗಳೂ ಸಮಾನವಾದರೂ ಕಾರ್ಯದಲ್ಲಿ ಸಮಾನವಲ್ಲ.

ಅಭ್ಯಾಸದ ಕ್ರಮ

ಮೇಲಿನ ವಿವೇಚನೆಯಿಂದ ವಿದ್ಯಾರ್ಥಿಮಿತ್ರರು ಅನುಸರಿಸಬಹುದಾದ ಕ್ರಮವೊಂದು ಸಿದ್ಧವಾಗುತ್ತದೆ. ಮೊದಲು ನಿಯಮವನ್ನು ಕನ್ನಡದಲ್ಲಿ, ಅಧ್ಯಾಹಾರಕ್ಕೆ ಎಡೆಯಿಲ್ಲದಂತೆ, ಕಾಗದದ ಮೇಲೆ ಬರೆಯಬೇಕು. ಪ್ರತಿಯೊಂದು ಷರತ್ತಿಗೂ ಅದರದೇ ಕರ್ತೃ ಮತ್ತು ಕ್ರಿಯೆ ಇರಬೇಕು. ಎರಡನೆಯದಾಗಿ, ಎರಡೂ ಬೇಕಾದಲ್ಲಿ ‘ಊ… ಊ’ ಎಂದೂ, ಒಂದಾದರೂ ಸಾಕಾದಲ್ಲಿ ‘ಆಗಲಿ… ಆಗಲಿ’ ಎಂದೂ ಹೇಳಿ ನೋಡಬೇಕು. ಮೊದಲನೆಯದು ‘ಆಂಡ್’, ಎರಡನೆಯದು ‘ಆರ್’. ಮೂರನೆಯದಾಗಿ, ಇವೆರಡೂ ಒಂದೇ ವಾಕ್ಯದಲ್ಲಿ ಬಂದರೆ ಆವರಣ ಹಾಕದೆ ಬಿಡಬಾರದು. ಕೊನೆಯದಾಗಿ, ಎರಡು ಷರತ್ತಿಗೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕಕ್ಕೆ ಹದಿನಾರು ಎಂಬ ಲೆಕ್ಕದಲ್ಲಿ ಸಂದರ್ಭಗಳ ಪಟ್ಟಿ ಮಾಡಿ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ವಿರಳವಾದ ಸಂದರ್ಭವನ್ನು ಬಿಡುವುದು ಸಲ್ಲದು. ದೋಷ ಅಡಗಿರುವುದು ಸಾಮಾನ್ಯವಾಗಿ ಅಲ್ಲಿಯೇ.

ಆಸಕ್ತರಿಗೆ ಒಂದು ಅಭ್ಯಾಸ: ‘ಮೋಡ ಕವಿದರೆ ಅಥವಾ ಸಂಜೆಯಾದರೆ, ಕಣದಲ್ಲಿ ಕಾಫಿ ಹರಡಿದ್ದರೆ, ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು.’ ಇದನ್ನು ಆವರಣವಿಲ್ಲದೆ ‘ಮೋಡ ಆರ್ ಸಂಜೆ ಆಂಡ್ ಹರಡಿದೆ’ ಎಂದು ಬರೆದರೆ, ಎಂಟು ಸಂದರ್ಭಗಳಲ್ಲಿ ಎಷ್ಟರಲ್ಲಿ ಯಂತ್ರ ಬರಿಯ ಕಣಕ್ಕೆ ಟಾರ್ಪಾಲು ಹೊದಿಸಲು ಹೇಳುತ್ತದೆ? ಎರಡರಲ್ಲಿ ಎಂದು ಉತ್ತರ ಬಂದರೆ ಲೇಖನದ ಸಾರ ಗ್ರಹಿಕೆಯಾದಂತೆಯೇ. ಆವರಣ ಎಲ್ಲಿ ಬೀಳಬೇಕೆಂಬುದನ್ನು ವಾಚಕರೇ ಕಂಡುಕೊಳ್ಳಬಹುದು.

ವ್ಯಾಕರಣವನ್ನೂ ತರ್ಕವನ್ನೂ ಕಲಿತ ಕಲಾ ವಿದ್ಯಾರ್ಥಿಗೆ ಈ ವಿದ್ಯೆ ಹೊರಗಿನದಲ್ಲ. ವಾಕ್ಯವನ್ನು ಬಿಡಿಸಿ ಅನ್ವಯ ಹೇಳಬಲ್ಲವನು ಷರತ್ತನ್ನೂ ಬಿಡಿಸಬಲ್ಲನು. ಪದ್ಯದಲ್ಲಿ ಬಿಟ್ಟುದನ್ನು ತುಂಬಿಕೊಳ್ಳುವ ಓದುಗನಿರುತ್ತಾನೆ. ಪ್ರೋಗ್ರಾಮಿನಲ್ಲಿ ಆ ಓದುಗನ ಕೆಲಸವನ್ನೂ ಬರೆಯುವವನೇ ಮಾಡಿ ಮುಗಿಸಿರಬೇಕು.